4 ಎಕರೆಗೆ ಡಿ.ಸಿ. ಕನ್ವರ್ಷನ್ ಆಗಿದೆ, ಲೇಔಟ್ ಅಪ್ರೂವಲ್‌ಗೆ ಮುಂದೇನು?

ಹೊಸಬಡಾವಣೆ:
ತಾಲ್ಲೂಕು ಕೇಂದ್ರಕ್ಕೆ ಅಂಟಿಕೊಂಡಿರೋ ಜಮೀನು. ಪಹಣಿಯಲ್ಲಿ ಒಟ್ಟು 4 ಎಕರೆ 6 ಗುಂಟೆ. ವಾಸದ ಉದ್ದೇಶಕ್ಕೆ ಕನ್ವರ್ಷನ್ ಆದೇಶ ಬಂದಿದೆ. ಗ್ರಾಮ ಪಂಚಾಯಿತಿ ಸರಹದ್ದು, ಆದರೆ ಪಟ್ಟಣದ ಯೋಜನಾ ಪ್ರಾಧಿಕಾರದ ವ್ಯಾಪ್ತಿಯೊಳಗೇ ಬರುತ್ತೆ. ಅಪಾರ್ಟ್‌ಮೆಂಟ್ ಅಲ್ಲ, 30x40 ಸೈಟು ಮಾಡಿ ಬಿಡಿ ಮನೆಗಳಿಗೆ ಕೊಡೋ ಯೋಚನೆ. ಪಂಚಾಯಿತಿಯಲ್ಲಿ ಒಂದು ಠರಾವು ಮಾಡಿಸಿ 11ಬಿ (ಪಂಚಾಯಿತಿ ಕೊಡೋ ಆಸ್ತಿ ದಾಖಲೆಯ ಒಂದು ನಮೂನೆ) ತೆಗೆಸಿದರೆ ಸಾಕು ಅಂತ ಕೆಲವರು ಹೇಳ್ತಿದ್ದಾರೆ. ಅಷ್ಟೇ ಸಾಕಾ? ಎಷ್ಟು ಸೈಟು ಕೂರಬಹುದು? ಈಗಲೇ ಬುಕಿಂಗ್ ತಗೋಬಹುದಾ?

ಟಿಪ್ಪಣಿಆಕಾರಬಂದ್:
ಸಾಲದು. ಕನ್ವರ್ಷನ್ ಅಂದ್ರೆ ಭೂ ಕಂದಾಯ ಅಧಿನಿಯಮ 1964ರ ಕಲಂ 95ರಡಿ ಜಮೀನಿನ ಉಪಯೋಗ ಬದಲಾಯಿತು, ಅಷ್ಟೇ. ಅದನ್ನು ತುಂಡು ಮಾಡಿ ರಸ್ತೆ ಬಿಟ್ಟು ಸೈಟು ಮಾಡೋಕೆ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರ ಕಲಂ 17ರಡಿ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಆ ನಕ್ಷೆ ಇದ್ದರೆ ಪಂಚಾಯಿತಿಯ ಇ-ಸ್ವತ್ತಿನಲ್ಲಿ (ಆನ್‌ಲೈನ್ ಆಸ್ತಿ ದಾಖಲೆ) ಫಾರಂ 9, 11ಎ ಸಿಗುತ್ತೆ. ಇಲ್ಲದಿದ್ದರೆ 11ಬಿ. ಅಂದರೆ 11ಬಿ ಕೈಗೆ ಬಂತು ಅಂದ್ರೆ ಲೇಔಟ್ ಅಪ್ರೂವ್ ಆಗಿಲ್ಲ ಅಂತ ಪಂಚಾಯಿತಿಯೇ ಬರೆದುಕೊಟ್ಟ ಹಾಗೆ. ಮುಂದೆ ಸೈಟು ತಗೊಂಡವರು ಮನೆ ಸಾಲಕ್ಕೆ ಹೋದಾಗ ಬ್ಯಾಂಕು ಮೊದಲು ನೋಡೋದು ಇದನ್ನೇ.

ಅರ್ಜಿ ಹಾಕೋ ಮುಂಚೆ ಸರ್ವೆ ದಾಖಲೆ ಸರಿ ಮಾಡಿಕೊಳ್ಳಿ, ಅರ್ಧಕ್ಕರ್ಧ ಫೈಲು ನಿಲ್ಲೋದೇ ಅಲ್ಲಿ. ಪಹಣಿಯ 3ನೇ ಕಲಂ ನೋಡಿ. ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬ್ (ಅ), (ಬ) ಅಂತ, ಅಂದ್ರೆ ಸಾಗುವಳಿಗೆ ಬಾರದ ಜಾಗಕ್ಕೆ, ಎರಡು ಸಾಲು ಇರುತ್ತೆ. ‘ಬ’ ಖರಾಬ್ ಅಂದ್ರೆ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ. ನಿಮ್ಮ ಬೇಲಿಯೊಳಗಿದ್ದರೂ ನಿಮ್ಮದಲ್ಲ, ಸೈಟಿನ ಲೆಕ್ಕಕ್ಕೂ ಬರಲ್ಲ. ಆ 6 ಗುಂಟೆ ‘ಬ’ ಖರಾಬ್ ಆಗಿದ್ದರೆ ಲೇಔಟ್ ವಿಸ್ತೀರ್ಣ 4 ಎಕರೆ ಮಾತ್ರ. ಪಹಣಿಗೂ ಆಕಾರಬಂದಿಗೂ (ಸರ್ವೆ ಇಲಾಖೆಯ ಮೂಲ ವಿಸ್ತೀರ್ಣ ದಾಖಲೆ) ವಿಸ್ತೀರ್ಣ ತಾಳೆಯಾಗದಿದ್ದರೆ ತಿದ್ದುಪಡಿ ಮಾಡಿಸದೆ ಮುಂದೆ ಹೋಗಬೇಡಿ. ಜಂಟಿ ಪಹಣಿಯಾದರೆ ಮೊದಲು ಪೋಡಿ, ದುರಸ್ತು, ಅಂದ್ರೆ ನಿಮ್ಮ ಪಾಲನ್ನು ಅಳೆದು ಬೇರೆ ಮಾಡಿ ಸರ್ವೆ ದಾಖಲೆ ಸರಿಪಡಿಸೋದು.

ಆಮೇಲೆ ಸ್ಥಳದಲ್ಲಿ ಟೋಟಲ್ ಸ್ಟೇಷನ್ (ಎಲೆಕ್ಟ್ರಾನಿಕ್ ಅಳತೆ ಯಂತ್ರ) ಸರ್ವೆ ಮಾಡಿಸಿ. ಅದರಲ್ಲಿ ಗಡಿಕಲ್ಲು, ಬಾವಿ, ಬೋರ್‌ವೆಲ್, ಮರ, ವಿದ್ಯುತ್ ಲೈನು, ಹಳ್ಳದ ಎರಡೂ ದಡ, ಪಕ್ಕದ ರಸ್ತೆಯ ಮಟ್ಟ ಎಲ್ಲ ಇರಬೇಕು. ಇದನ್ನು ಗ್ರಾಮ ನಕಾಶೆ, ಟಿಪ್ಪಣಿ (ಸರ್ವೆ ನಂಬರಿನ ಮೂಲ ಅಳತೆಯ ದಾಖಲೆ) ಮೇಲೆ ಕೂರಿಸಿ ನೋಡಿದಾಗಲೇ ಒತ್ತುವರಿ ಗೊತ್ತಾಗೋದು. 11 ಕೆ.ವಿ. ಲೈನಾದರೆ ದುಡ್ಡು ಕಟ್ಟಿ ಸ್ಥಳಾಂತರ ಮಾಡಿಸಬಹುದು. 66 ಕೆ.ವಿ. ಹಾದುಹೋಗಿದ್ದರೆ ಅದರ 18 ಮೀಟರ್ ಕಾರಿಡಾರ್ ಬಿಟ್ಟೇ ನಕ್ಷೆ ಬರೆಸಬೇಕು. ಆ ಪಟ್ಟಿಯನ್ನೇ ಪಾರ್ಕ್ ಅಂತ ತೋರಿಸಿ ಲೆಕ್ಕ ಸರಿದೂಗಿಸೋ ಚಾಳಿ ಕೆಲವು ನಕ್ಷೆಗಾರರಿಗಿದೆ, ಅದು ವಾಪಸ್ ಬರುತ್ತೆ.

ಸೈಟಿನ ಲೆಕ್ಕ: 4 ಎಕರೆ ಅಂದ್ರೆ 1,74,240 ಚದರಡಿ. ರಸ್ತೆ, ಪಾರ್ಕ್, ಸಿ.ಎ. (ನಾಗರಿಕ ಸೌಲಭ್ಯ) ಜಾಗ ಕಳೆದು 55% ಉಳಿಯಿತು ಅಂತ ಇಟ್ಟುಕೊಳ್ಳಿ, 95,832 ಚದರಡಿ. 1,200ರಿಂದ ಭಾಗಿಸಿದರೆ 79. ಇದು ಕಾಗದದ ಮೇಲೆ. ಮೂಲೆ ಕಡಿತ, ಓರೆಕೋರೆ ಗಡಿ ಎಲ್ಲ ಸೇರಿ ಇನ್ನೂ ಕೆಲವು ಹೋಗುತ್ತವೆ. ಒಳರಸ್ತೆ 9 ಮೀಟರ್‌ಗಿಂತ ಕಡಿಮೆ ಬರೆಸಬೇಡಿ. ಪಾರ್ಕ್, ಸಿ.ಎ. ಪ್ರಮಾಣ ನಿಮ್ಮ ಪ್ರಾಧಿಕಾರದ ವಲಯ ನಿಯಮಾವಳಿಯಲ್ಲಿರುತ್ತೆ, ಹಳೇ ಲೇಔಟ್ ನೋಡಿ ನಕಲು ಹೊಡೀಬೇಡಿ.

ಕಲಂ17:
ಮೇಲಿನವರ ಮಾತಿಗೆ ಎರಡು ಸೇರಿಸ್ತೀನಿ. ಒಂದು, ಜಮೀನಿನ ಮೂಲ. ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದರೆ ಪಿ.ಟಿ.ಸಿ.ಎಲ್. ಕಾಯ್ದೆ 1978 (ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನಿನ ಪರಭಾರೆ ತಡೆಯೋ ಕಾಯ್ದೆ) ಅನ್ವಯಿಸುತ್ತಾ ನೋಡಿ. 2023ರ ತಿದ್ದುಪಡಿ ಆದಮೇಲೆ ಜಮೀನು ವಾಪಸ್ ಕೊಡಿಸಿ ಅಂತ ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ, ಹಾಗಾಗಿ ‘ಮೂವತ್ತು ವರ್ಷ ಆಯ್ತು, ಯಾರು ಕೇಳ್ತಾರೆ’ ಅನ್ನೋ ಧೈರ್ಯ ಬೇಡ. ಪಿತ್ರಾರ್ಜಿತವಾದರೆ ವಂಶವೃಕ್ಷದಲ್ಲಿರೋ ಹೆಣ್ಣುಮಕ್ಕಳ ಸಹಿಯೂ ಬೇಕು. ಪಹಣಿಯ 11ನೇ ಕಲಂನಲ್ಲಿ ಸೊಸೈಟಿ ಸಾಲ ಕೂತಿದ್ದರೆ ತೀರಿಸಿ ತೆಗೆಸಿ.

ಎರಡು, ಬುಕಿಂಗ್. 500 ಚದರ ಮೀಟರ್ ಮೀರಿದ ಜಮೀನಿನ ಪ್ರಾಜೆಕ್ಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು. ನಿಮ್ಮದು 16,000 ದಾಟುತ್ತೆ. ನೋಂದಣಿಗೆ ಮುಂಚೆ ಜಾಹೀರಾತು, ಬುಕಿಂಗ್ ಎರಡೂ ಇಲ್ಲ, ವಾಟ್ಸಾಪ್‌ನಲ್ಲಿ ಬ್ರೋಷರ್ ಬಿಡೋದೂ ಜಾಹೀರಾತೇ. ಮೀರಿದರೆ ಪ್ರಾಜೆಕ್ಟಿನ ಅಂದಾಜು ವೆಚ್ಚದ 10% ತನಕ ದಂಡ. ನೋಂದಣಿ ಆದಮೇಲೂ ಕರಾರುಪತ್ರ ನೋಂದಣಿ ಆಗದೆ ಬೆಲೆಯ 10%ಗಿಂತ ಹೆಚ್ಚು ಮುಂಗಡ ತಗೊಳ್ಳೋ ಹಾಗಿಲ್ಲ, ಬಂದ ದುಡ್ಡಿನಲ್ಲಿ 70% ಇದೇ ಪ್ರಾಜೆಕ್ಟಿಗೆ ಮೀಸಲಾದ ಪ್ರತ್ಯೇಕ ಖಾತೆಗೆ ಹೋಗಬೇಕು. ಸೈಟು ಮಾರಿದ ದುಡ್ಡಲ್ಲೇ ಬೇರೆ ಜಮೀನು ಕೊಳ್ಳೋ ಲೆಕ್ಕ ಇದ್ದರೆ ಈಗಲೇ ಬಿಡಿ.

ಹೊಸಬಡಾವಣೆ:
ತುಂಬಾ ಉಪಕಾರ ಆಯ್ತು. ‘ಬ’ ಖರಾಬ್ ಇರೋದು ನಿಜ, ಬದಿಯಲ್ಲಿ ಹಳ್ಳ ಇದೆ. ಮುಖ್ಯರಸ್ತೆಯಿಂದ ಜಮೀನಿಗೆ ಬರೋದು ಬಂಡಿ ದಾರಿ, ಸುಮಾರು 12 ಅಡಿ. ಪಕ್ಕದವರು ಬಾಂಡ್ ಪೇಪರ್ ಮೇಲೆ ಅಗಲ ಮಾಡೋಕೆ ಒಪ್ಪಿಗೆ ಬರೆದುಕೊಟ್ಟಿದ್ದಾರೆ. ನಡೆಯುತ್ತಾ? ಮತ್ತೆ ನಕ್ಷೆ ಮಂಜೂರಾದ ತಕ್ಷಣ ಎಲ್ಲ ಸೈಟಿನ ಖಾತೆ ಸಿಗುತ್ತಾ?

ಮ್ಯಾನ್‌ಹೋಲ್:
ಖಾತೆ ಎಲ್ಲ ಒಟ್ಟಿಗೆ ಸಿಗಲ್ಲ ಸರ್. ಮೊದಲು ಸಿಗೋದು ತಾತ್ಕಾಲಿಕ ಮಂಜೂರಾತಿಯ ನಕ್ಷೆ. ರಸ್ತೆ, ಪಾರ್ಕ್, ಸಿ.ಎ. ಜಾಗವನ್ನು ಪರಿತ್ಯಾಜನಾ ಪತ್ರ ನೋಂದಾಯಿಸಿ ಉಚಿತವಾಗಿ ಬಿಟ್ಟುಕೊಡಬೇಕು. ಕೆಲಸ ಮುಗಿದಷ್ಟೂ ಹಂತ ಹಂತವಾಗಿ ಸೈಟು ಬಿಡುಗಡೆ ಮಾಡ್ತಾರೆ. ಯಾವ ಕೆಲಸಕ್ಕೆ ಎಷ್ಟು ಬಿಡುಗಡೆ ಅಂತ ಮಂಜೂರಾತಿ ಆದೇಶದಲ್ಲೇ ಇರುತ್ತೆ, ಷರತ್ತುಗಳನ್ನು ಒಂದೊಂದಾಗಿ ಓದಿ.

ಜನ ದುಡ್ಡು ಕಳೆದುಕೊಳ್ಳೋದು ಕೆಲಸದ ಸರದಿ ತಪ್ಪಿ. ಮೊದಲು ಒಳಚರಂಡಿ, ಆಮೇಲೆ ನೀರಿನ ಪೈಪು, ಪ್ರತಿ ಸೈಟಿಗೂ ರಸ್ತೆ ಅಡ್ಡ ದಾಟೋ ಕನೆಕ್ಷನ್ ಪೈಪು, ಕೇಬಲ್ ಡಕ್ಟ್, ಮಳೆನೀರು ಚರಂಡಿ. ಡಾಂಬರು ಕಟ್ಟಕಡೆಗೆ. ನೋಡೋಕೆ ಚೆಂದ ಅಂತ ಮೊದಲೇ ಡಾಂಬರು ಹಾಕಿದರೆ ಒಂದೊಂದು ಮನೆ ಕಟ್ಟುವಾಗಲೂ ರಸ್ತೆ ಅಗೀತಾರೆ. ಟ್ರೆಂಚಿಗೆ ಮಣ್ಣನ್ನು ಒಂದೇ ಸಲ ಸುರಿಯದೆ 20 ಸೆಂ.ಮೀ. ಪದರಗಳಲ್ಲಿ ನೀರು ಹಾಕಿ ದಮ್ಮಸ್ಸು ಮಾಡಿಸಿ. ಇಲ್ಲಾಂದ್ರೆ ಮೊದಲ ಮಳೆಗೇ ಪೈಪಿನ ಉದ್ದಕ್ಕೂ ರಸ್ತೆ ಕುಸಿಯುತ್ತೆ, ತಪಾಸಣೆಗೆ ಬಂದವರ ಕಣ್ಣಿಗೆ ಬೀಳೋದೂ ಅದೇ.

ಒಳಚರಂಡಿಗೆ ಮಟ್ಟ ಮುಖ್ಯ. ನೇರ ಸಾಲಿನಲ್ಲಿ 30 ಮೀಟರ್‌ಗೊಂದು ಮ್ಯಾನ್‌ಹೋಲ್, ತಿರುವು ಬಂದಲ್ಲೆಲ್ಲ ಇನ್ನೊಂದು. ಸಮತಟ್ಟು ನೆಲದಲ್ಲಿ 1:100 ಇಳಿಜಾರು ಇಟ್ಟರೆ 200 ಮೀಟರ್ ಸಾಲಿಗೆ ಆಳ 2 ಮೀಟರ್ ಹೆಚ್ಚುತ್ತೆ. ಶುರುವಿನಲ್ಲಿ 1 ಮೀಟರ್ ಇದ್ದದ್ದು ಕೊನೆಯಲ್ಲಿ 3. ನೀವು ಸೇರಿಸಬೇಕಾದ ಪುರಸಭೆ ಮ್ಯಾನ್‌ಹೋಲಿನ ತಳ ಅದಕ್ಕಿಂತ ಮೇಲಿದ್ದರೆ ನೀರು ಹೋಗಲ್ಲ, ವೆಟ್‌ವೆಲ್ (ಕೊಳಚೆ ಸೇರೋ ತೊಟ್ಟಿ) ಕಟ್ಟಿ ಪಂಪ್ ಮಾಡಬೇಕು. ಹಾಗಾಗಿ ನಕ್ಷೆಗೆ ಮುಂಚೆಯೇ ಆ ಮುಚ್ಚಳ ತೆಗೆಸಿ ತಳದ ಮಟ್ಟ ಅಳೆಯಿರಿ. ಹತ್ತಿರ ಲೈನೇ ಇಲ್ಲದಿದ್ದರೆ ಎಸ್.ಟಿ.ಪಿ.ಗೆ (ಕೊಳಚೆ ಶುದ್ಧೀಕರಣ ಘಟಕ) ಜಾಗ ತೆಗೆದಿಡಿ. 79 ಮನೆ, ಮನೆಗೆ 5 ಜನ, ತಲಾ 135 ಲೀಟರ್ ಅಂದ್ರೆ ದಿನಕ್ಕೆ 53,325 ಲೀಟರ್ ನೀರು. ಅದರ 80%, ಸುಮಾರು 43 ಸಾವಿರ ಲೀಟರ್, ಕೊಳಚೆ. ಇದನ್ನು ಹಳ್ಳಕ್ಕೆ ಬಿಡೋ ಹಾಗಿಲ್ಲ. ಹಳ್ಳಕ್ಕೆ ಮಳೆನೀರು ಮಾತ್ರ.

ಟಿಪ್ಪಣಿಆಕಾರಬಂದ್:
ಬಾಂಡ್ ಪೇಪರ್ ನಡೆಯಲ್ಲ. ಅವರು ಜಮೀನು ಮಾರಿದ ದಿನ ಆ ಒಪ್ಪಿಗೆಗೆ ಬೆಲೆ ಇಲ್ಲ. ಮೊದಲು ಆ ಬಂಡಿ ದಾರಿ ಗ್ರಾಮ ನಕಾಶೆಯಲ್ಲಿದೆಯಾ ನೋಡಿ. ಇದ್ದರೆ ಸಾರ್ವಜನಿಕ ದಾರಿ ಅಂತ ತೋರಿಸೋಕೆ ಆಧಾರ ಸಿಗುತ್ತೆ, ಆದರೂ 12 ಅಡಿ ಅಂದ್ರೆ 3.66 ಮೀಟರ್ ಅಷ್ಟೇ. 9 ಮೀಟರ್‌ಗೆ ಕಮ್ಮಿ ಬೀಳೋ ಜಾಗಕ್ಕೆ ಪಕ್ಕದವರಿಂದ 11ಇ ನಕ್ಷೆ (ಜಮೀನಿನ ಒಂದು ಭಾಗ ಮಾತ್ರ ಬಿಡಿಸಲು ಬೇಕಾದ ಸರ್ವೆ ನಕ್ಷೆ) ಮಾಡಿಸಿ, ಕನ್ವರ್ಷನ್ ಆದಮೇಲೆ ರಸ್ತೆಗೆಂದೇ ನೋಂದಾಯಿತ ಪತ್ರದ ಮೂಲಕ ಬಿಡಿಸಿಕೊಳ್ಳಬೇಕು. ಅವರಿಗೂ ಮುಂದೆ ಲೇಔಟ್ ಮಾಡೋ ಆಸೆ ಇದ್ದರೆ ಇದೇ ರಸ್ತೆ ಅವರ ಜಮೀನಿಗೂ ಆಗುತ್ತೆ, ಮಾತುಕತೆ ಅಲ್ಲಿಂದ ಶುರು ಮಾಡಿ. ಹಳ್ಳದ ಬಫರ್ (ಪಕ್ಕದಲ್ಲಿ ಖಾಲಿ ಬಿಡಬೇಕಾದ ಪಟ್ಟಿ) ಎಷ್ಟು ಅಂತ ಪ್ರಾಧಿಕಾರದ ವಲಯ ನಿಯಮಾವಳಿಯಲ್ಲಿ ನೋಡಿಕೊಂಡು, ದಡದಿಂದಲೋ ಮಧ್ಯದಿಂದಲೋ ಅಳೆಯೋದು ಅನ್ನೋದನ್ನೂ ಕೇಳಿ ಗಟ್ಟಿ ಮಾಡಿಕೊಳ್ಳಿ. ಒಂದು ಸಾಲು ಸೈಟು ಪೂರ್ತಿ ಹೋಗೋದು, ಉಳಿಯೋದು ಅದರ ಮೇಲೆ ನಿಂತಿದೆ.