ಕ್ಯಾಮೆರಾ ಒಂದು ಬಿಟ್ಟು

"ಈ ಮೂರು ಕಾಲಿನದು ಯಾರದಯ್ಯ?" ಎಂದರು ರಾಯರು, ಕಾಫಿಪುಡಿ ಅಂಗಡಿಯ ಬೆಂಚಿನಲ್ಲಿ ಕೂರಲು ಜಾಗ ಹುಡುಕುತ್ತಾ.

"ಟ್ರೈಪಾಡ್ ರಾಯರೇ, ನನ್ನದೇ." ಸೀನ ಅದನ್ನು ಮಡಚಿ ಕಾಲ ಸಂದಿಗೆ ಎಳೆದುಕೊಂಡ.

"ಅಂತೂ ಕ್ಯಾಮೆರಾ ತೆಗೆದುಕೊಂಡೆ ಅನ್ನು."

"ಇಲ್ಲ, ಅದೊಂದು ಇನ್ನೂ ತೀರ್ಮಾನವಾಗಿಲ್ಲ. ಬ್ಯಾಗ್ ಬಂದಿದೆ. ಮಳೆಗೆ ಹೊದಿಸುವ ಕವರು ಬಂದಿದೆ. ಲೆನ್ಸ್ ಒರೆಸುವ ಬಟ್ಟೆ, ಧೂಳು ಊದುವ ರಬ್ಬರ್ ಬುರುಡೆ, ಮೆಮೊರಿ ಕಾರ್ಡ್..."

"ಧೂಳು ಕೂರುವುದಕ್ಕಾದರೂ ಒಂದು ಕ್ಯಾಮೆರಾ ಬೇಡವೇ ಮಾರಾಯ?"

"ಮೊದಲನೆಯ ಡಿಎಸ್‌ಎಲ್‌ಆರ್ ರಾಯರೇ, ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾ. ಅವಸರ ಮಾಡಬಾರದು. ನೋಡಿ, ಎಲ್ಲವನ್ನೂ ಬರೆದಿಟ್ಟಿದ್ದೇನೆ." ಸೀನ ನೋಟ್‌ಬುಕ್ ಬಿಡಿಸಿದ. ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಎಡಕ್ಕೆ ಕ್ಯಾನನ್, ಬಲಕ್ಕೆ ನಿಕಾನ್, ನಡುವೆ ತೂಕದ ಗ್ರಾಂ ಲೆಕ್ಕ. ಇದು ಅವನ ಎರಡನೆಯ ನೋಟ್‌ಬುಕ್ಕು. ಮೊದಲನೆಯದು ತುಂಬುವಷ್ಟರಲ್ಲಿ ಅದರಲ್ಲಿದ್ದ ಮಾದರಿಗಳ ತಯಾರಿಯೇ ನಿಂತುಹೋಗಿತ್ತು.

ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು. "24 ಮೆಗಾಪಿಕ್ಸೆಲ್ ಎಂಬುದರ ಕೆಳಗೆ ಎರಡೆರಡು ಗೆರೆ ಎಳೆದಿದ್ದೀಯಲ್ಲ?"

"ಅದೇ ಮುಖ್ಯ ಮೇಷ್ಟ್ರೇ. 2 ಕೋಟಿ 40 ಲಕ್ಷ ಚುಕ್ಕಿ."

ಲೆಕ್ಕ ಸಿಕ್ಕಿದರೆ ಮೇಷ್ಟ್ರಿಗೆ ಕಾಫಿ ಆರಿದ್ದೂ ತಿಳಿಯುವುದಿಲ್ಲ. ಪುಡಿ ಕಟ್ಟುವ ಕಾಗದದ ಮೇಲೆಯೇ ಶುರು ಮಾಡಿದರು. "ಗೋಡೆಗೆ ಹಾಕುವ ಫೋಟೋ, ಎಂಟು ಇಂಚು ಹನ್ನೆರಡು ಇಂಚು. ಇಂಚಿಗೆ 300 ಚುಕ್ಕಿ ಹಿಡಿ. 2400 ಗುಣಿಸು 3600, 86 ಲಕ್ಷದ 40 ಸಾವಿರ. ನೀನು ಗೋಡೆಗೆ ಹಾಕುತ್ತೀಯೋ?"

"ಇಲ್ಲ, ಸ್ಟೇಟಸ್ಸಿಗೆ ಹಾಕುತ್ತೇನೆ."

"ಹಾಗಾದರೆ ಮೊಬೈಲ್ ಪರದೆ. 1920 ಗುಣಿಸು 1080. ಇಪ್ಪತ್ತು ಲಕ್ಷದ ಮೇಲೆ ಚಿಲ್ಲರೆ."

"ಮಂಜೂರಾದದ್ದು 2 ಕೋಟಿ 40 ಲಕ್ಷ, ಜನರ ಕಣ್ಣಿಗೆ ಬಿದ್ದದ್ದು 20 ಲಕ್ಷ" ಎಂದರು ರಾಯರು. "ನಮ್ಮ ಬೀದಿಯ ಚರಂಡಿಗೂ ಹೀಗೇ ಆದದ್ದು."

"ಆ ಕಾಲಂ ಹೊಡೆದುಹಾಕು. ಅದನ್ನು ನೋಡಿ ಕ್ಯಾಮೆರಾ ಆರಿಸುವ ಕಾಲ ಹೋಯಿತು" ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಸೀನ ಹೊಡೆದುಹಾಕಲಿಲ್ಲ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡ. "ನನ್ನ ತೊಡಕು ಬೇರೆ ಮೇಷ್ಟ್ರೇ. ನಮ್ಮ ಭಾವ ತನ್ನ ಹಳೆಯ ನಿಕಾನ್ ಲೆನ್ಸನ್ನು ಪುಕ್ಕಟೆಯಾಗಿ ಕೊಡುತ್ತೇನೆ ಎಂದಿದ್ದಾನೆ. ಆದರೆ ಡಿ3500ದಂಥ ಅಗ್ಗದ ನಿಕಾನ್ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಭಾವನ ಲೆನ್ಸಿನೊಳಗೂ ಇಲ್ಲ. ಕೈಯಲ್ಲೇ ತಿರುಗಿಸಬೇಕು."

"ಭಾವ ಕೊಡುತ್ತಿರುವುದೇ ಅದಕ್ಕೆ" ಎಂದರು ರಾಯರು. "ಅದಿರಲಿ, ನೀನು ತೆಗೆಯುವುದಾದರೂ ಏನನ್ನು?"

ಒಳಗೆ ಬೀಜ ಹುರಿಯುವ ಡ್ರಮ್ಮು ನಾಲ್ಕಾರು ಸುತ್ತು ತಿರುಗಿತು. ನೋಟ್‌ಬುಕ್ಕಿನಲ್ಲಿ ಈ ಕಾಲಂ ಇರಲಿಲ್ಲ.

"ಹಕ್ಕಿ" ಎಂದ ಸೀನ ಕೊನೆಗೆ.

"ಯಾವ ಹಕ್ಕಿ?"

"ಮಂಗಟ್ಟೆ."

"ನಮ್ಮ ತೋಟದ ಅತ್ತಿಮರಕ್ಕೆ ಬರುತ್ತದೆ" ಎಂದು ಗೌಡರು ಮೊದಲ ಸಲ ಬಾಯಿ ಬಿಟ್ಟರು. "ಆದರೆ ಕ್ಯಾಮೆರಾದ ಜೊತೆ ಕೊಡುವ ಆ 18-55 ಎಂಎಂ ಲೆನ್ಸ್ ಹಿಡಿದರೆ ಅತ್ತಿಮರದ ಫೋಟೋ ಬರುತ್ತದೆ. ಅದರಲ್ಲಿ ಹಕ್ಕಿ ಇದೆ ಎಂದು ನೀನು ಬಾಯಲ್ಲಿ ಹೇಳಬೇಕು. 300 ಎಂಎಂ ಆದರೂ ಬೇಕಪ್ಪ."

"ನಿಕಾನಿನ ಸಣ್ಣ ಸೆನ್ಸರಿನಲ್ಲಿ 300 ಹಾಕಿದರೆ 450ರಷ್ಟು ಹತ್ತಿರ ಕಾಣುತ್ತದೆ ಗೌಡರೇ, ಒಂದೂವರೆ ಪಟ್ಟು. ಕ್ಯಾನನ್ ಆದರೆ 1.6 ಪಟ್ಟು. ಅದಕ್ಕೇ ನಾನು..."

"ಮಳೆಯನ್ನು ಇಂಚು ಸೆಂಟಿನಲ್ಲಿ ಅಳೆಯುವ ಚಿಕ್ಕಮಗಳೂರಿಗೆ ಈ ಎಂಎಂ ಜಗಳ ಎಲ್ಲಿಂದ ಬಂತು!" ಎಂದು ರಾಯರು ತಲೆ ಚಚ್ಚಿಕೊಂಡರು.

"ಹಕ್ಕಿ ಬೇಡ ಬಿಡಿ. ಮುಳ್ಳಯ್ಯನಗಿರಿ. ಹಿಂದೆ ಬೆಟ್ಟ, ಮುಂದೆ ನನ್ನ ಹೆಂಡತಿ. 50 ಎಂಎಂ ಲೆನ್ಸು, ಎಫ್ 1.8. ಹಿಂದಿರುವುದೆಲ್ಲ ಪೂರ್ತಿ ಮಸುಕಾಗಬೇಕು."

ರಾಯರು ಲೋಟ ಕೆಳಗಿಟ್ಟರು. ಇದು ಅವರ ಹುಣ್ಣು. ಸೀನ ಗೊತ್ತಿಲ್ಲದೆ ಬೆರಳಿಟ್ಟಿದ್ದ.

"ಬೆಟ್ಟ ಮಸುಕಾಗಬೇಕಾದರೆ ಬೆಟ್ಟಕ್ಕೆ ಏಕಯ್ಯ ಹೋಗಬೇಕು? 1930 ಮೀಟರ್ ಹತ್ತುವುದು, ಆ ತಿರುವುಗಳಲ್ಲಿ ಹುಡುಗಿಗೆ ತಲೆ ಸುತ್ತಿಸುವುದು, ಕೊನೆಗೆ ಬೆಟ್ಟವನ್ನೇ ಅಳಿಸುವುದು! ನಿಮ್ಮ ಬಚ್ಚಲ ಹಿಂದಿನ ಗೋಡೆಗೆ ಏನಾಗಿದೆ? ಮೊನ್ನೆ ನಮ್ಮ ಅಣ್ಣನ ಮೊಮ್ಮಗಳ ಮದುವೆಗೆ ಮುಂಚಿನ ಫೋಟೋಗಳನ್ನು ತೋರಿಸಿದರು. ಹಾಸನದ ಹತ್ತಿರ ಶೆಟ್ಟಿಹಳ್ಳಿ ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಹೇಮಾವತಿಗೆ ಅಣೆಕಟ್ಟು ಬಂದು ಊರಿಗೆ ಊರೇ ಎದ್ದುಹೋಯಿತು. ಮಳೆಗಾಲದಲ್ಲಿ ನೀರೊಳಗೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಮತ್ತೆ ಮೈ ತೋರಿಸುತ್ತದೆ. ಅಂಥ ಗೋಡೆಯನ್ನು ಗಂಜಿ ಮಾಡಿ, ಮುಂದೆ ಇಬ್ಬರ ಹಲ್ಲು ಮಾತ್ರ ಚೊಕ್ಕವಾಗಿ ತೆಗೆದಿದ್ದಾನೆ. ಹಲ್ಲು ಎಲ್ಲಿ ಹೋದರೂ ಅದೇ ಹಲ್ಲಲ್ಲವೇ?"

"ಹಿನ್ನೆಲೆ ಮಸುಕಾಗಿದ್ದರೆ ಲೋಗೋ ಎದ್ದು ಕಾಣುತ್ತದೆ ರಾಯರೇ."

"ಯಾವ ಲೋಗೋ?"

ಸೀನ ಮೊಬೈಲ್ ತೋರಿಸಿದ. 'ಶ್ರೀನಿವಾಸ್ ಫೋಟೋಗ್ರಫಿ', ಬಂಗಾರದ ಅಕ್ಷರ, 'ಶ್ರೀ'ಯ ಮೇಲೆ ಕೂತ ಒಂದು ಮಂಗಟ್ಟೆ.

"ಇದೂ ಬಂದಿದೆಯೇ?"

"ಬಂದಿದೆ. ಬೈಕಿಗೆ ಸ್ಟಿಕರ್ ಕೂಡ."

"ಕ್ಯಾಮೆರಾ ಒಂದು ಬಿಟ್ಟು."

"ಕ್ಯಾಮೆರಾ ಒಂದು ಬಿಟ್ಟು" ಎಂದು ಸೀನ ವಿನಯದಿಂದಲೇ ಒಪ್ಪಿಕೊಂಡ.

ಮೇಷ್ಟ್ರಿಗೆ ಕನಿಕರ ಬಂತು. "ನೀನು ಆರಿಸುವಷ್ಟರಲ್ಲಿ ಈ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕಾಲವೇ ಮುಗಿಯುತ್ತದೆ ಕಣೋ. 2018ರಲ್ಲೇ ನಿಕಾನ್, ಕ್ಯಾನನ್ ಎರಡೂ ಕನ್ನಡಿ ಇಲ್ಲದ ದೊಡ್ಡ ಸೆನ್ಸರಿನ ಕ್ಯಾಮೆರಾ ತಂದವು. ಹೊಸ ಲೆನ್ಸುಗಳೆಲ್ಲ ಈಗ ಆ ಕಡೆಗೇ."

"ಕನ್ನಡಿ ಏತಕ್ಕೆ? ಮುಖ ನೋಡಿಕೊಳ್ಳುವುದಕ್ಕೋ?" ಎಂದರು ರಾಯರು.

"ಲೆನ್ಸಿನಿಂದ ಬಂದ ಬೆಳಕನ್ನು ಮೇಲಕ್ಕೆ, ನಮ್ಮ ಕಣ್ಣಿಗೆ ತಿರುಗಿಸುವುದಕ್ಕೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಬೆಳಕು ಸೆನ್ಸರಿಗೆ ಹೋಗುತ್ತದೆ. ಆಮೇಲೆ ಕನ್ನಡಿ ಇಳಿಯುತ್ತದೆ."

"ಎಂದರೆ ಫೋಟೋ ಆಗುವ ಆ ಒಂದು ಗಳಿಗೆ ಮಾತ್ರ ತೆಗೆಯುವವನಿಗೆ ಏನೂ ಕಾಣುವುದಿಲ್ಲ?"

"ಕತ್ತಲೆ."

"ಈಗ ಅರ್ಥವಾಯಿತು, ಅಣ್ಣನ ಮೊಮ್ಮಗಳ ಫೋಟೋಗಳು." ರಾಯರು ಸಮಾಧಾನವಾಗಿ ಕಾಫಿ ಎತ್ತಿಕೊಂಡರು. "ಕನ್ನಡಿ ಹಳತಾಯಿತು ಎಂಬ ಮಾತನ್ನು ಬೇಲೂರಿಗೆ ಹೋಗಿ ದರ್ಪಣಸುಂದರಿಗೆ ಹೇಳಿ ನೋಡಿ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಅವಳಿನ್ನೂ ಕೈಯಿಂದ ಕೆಳಗಿಟ್ಟಿಲ್ಲ."

"ಕನ್ನಡಿ ಇರುವುದೇ ಆಗಬೇಕಾದರೆ ನನ್ನದಿದೆ" ಎಂದರು ಗೌಡರು. "ಜೀಪಿನಲ್ಲೇ ಇದೆ. ರಿಪೇರಿಗೆ ಎಂದು ತಂದೆ."

ಭದ್ರಾ ಕಾಡಿನ ಹುಲಿಗೆ ಎಂದು ಕೊಂಡದ್ದು. ಕೊಂಡ ವರ್ಷವೇ ಬೀರು ಸೇರಿ, ಚರ್ಮದ ಚೀಲದೊಳಗೆ, ರೇಷ್ಮೆ ಸೀರೆಗಳ ನಡುವೆ ಸುಖವಾಗಿತ್ತು. ಮೇಷ್ಟ್ರು ಲೆನ್ಸ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. ಒಳಗಿನ ಗಾಜಿನ ಅಂಚಿನಿಂದ ಕೂದಲಿಗಿಂತ ತೆಳ್ಳನೆಯ ಬಿಳಿ ಎಳೆಗಳು ಹೊರಟು, ಕವಲೊಡೆದು, ಮತ್ತೆ ಕವಲೊಡೆದು ನಡುವಿನ ತನಕ ಬಂದಿದ್ದವು.

"ಬೂಷ್ಟು" ಎಂದರು ಮೇಷ್ಟ್ರು.

ರಾಯರೂ ಇಣುಕಿದರು. "ಹುಲಿ ಸಿಗದಿದ್ದರೆ ಏನಾಯಿತು ಗೌಡರೇ, ಕಾಡು ಚೆನ್ನಾಗಿ ಬೆಳೆದಿದೆ."

"ಆಷಾಢದಲ್ಲಿ ಉಟ್ಟ ಬಟ್ಟೆಯೇ ಒಣಗದ ಊರು. ಗಾಜು ಏನು ಮಾಡೀತು?"

"ಚರ್ಮದ ಚೀಲದಲ್ಲಿ ಇಡಲೇಬಾರದು, ಅದು ತೇವ ಹಿಡಿಯುತ್ತದೆ" ಎಂದರು ಮೇಷ್ಟ್ರು. "ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಅದಕ್ಕಿಂತ ಹೆಚ್ಚಾಗಿ, ಆಗಾಗ ಹೊರಗೆ ತೆಗೆದು ಬಳಸಬೇಕು."

ಸೀನ 'ಡಬ್ಬಿ' ಎಂದು ಬರೆದುಕೊಂಡ. ಬಳಸುವ ವಿಷಯ ಬರೆದುಕೊಳ್ಳಲಿಲ್ಲ. "ಎಷ್ಟು ಕ್ಲಿಕ್ ಆಗಿದೆ ಗೌಡರೇ? ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅದನ್ನು ನೋಡಬೇಕಂತೆ. ಶಟರ್ ಒಂದು ಲಕ್ಷದ ತನಕ ಬಾಳುತ್ತದಂತೆ."

"ಲಕ್ಷದ ಯೋಚನೆ ಬೇಡ. ನೂರು ಆಗಿದ್ದರೆ ಹೆಚ್ಚು. ಅರ್ಧ ನನ್ನ ಕಾಲಿನದು."

"ಇನ್ನರ್ಧ?"

"ನಾಯಿಯದು. ಹೂಮಳೆಯಾಗಿ ತೋಟ ಬೆಳ್ಳಗಾಗಿದ್ದಾಗ ಒಂದಷ್ಟು. ಕಾಫಿ ಹೂವೆಲ್ಲ ಬೂದಿ ಬಣ್ಣ ಬಂದಿದೆ."

"ಬರೀ ಬಿಳುಪೇ ಕಂಡರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಿಳಿದು ತಗ್ಗಿಸುತ್ತದೆ. ನಾವೇ ಒಂದು ಹಂತ ಏರಿಸಬೇಕು" ಎಂದರು ಮೇಷ್ಟ್ರು.

"ಯಾರಿಗೆ ಗೊತ್ತಿತ್ತು? ನಾಯಿಯದು ಮಾತ್ರ ಚೆನ್ನಾಗಿದೆ." ಗೌಡರು ಲೆನ್ಸಿನ ಮುಚ್ಚಳ ತಿರುಗಿಸುತ್ತಾ ಕೂತರು. "ಅವ್ವನದು ಒಂದೂ ಇಲ್ಲ ನೋಡಿ. ಕಣದಲ್ಲಿ ಕಾಫಿ ಹರಡುತ್ತಿದ್ದಳು, ನಾನು ಕ್ಯಾಮೆರಾ ಎತ್ತಿದೆ. 'ತಡಿ, ಬೇರೆ ಸೀರೆ ಉಟ್ಟುಕೊಂಡು ಬರುತ್ತೇನೆ' ಎಂದು ಒಳಗೆ ಹೋದಳು. ಅಷ್ಟರಲ್ಲಿ ಲಾರಿ ಬಂತು, ನಾನು ಮೂಟೆ ಎಣಿಸಲು ಹೋದೆ."

ಯಾರೂ ಮಾತಾಡಲಿಲ್ಲ.

"ತಿಥಿಗೆ ಫೋಟೋ ಬೇಕೆಂದು ಮನೆಯೆಲ್ಲ ಹುಡುಕಿದೆವು. ಕೊನೆಗೆ ತಮ್ಮನ ಮದುವೆಯ ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಅವ್ವನ ಹೆಗಲ ಮೇಲೆ ನಾಲ್ಕು ಬೆರಳು ಹಾಗೇ ಉಳಿದುಬಿಟ್ಟಿವೆ. ಚಿಕ್ಕವ್ವನವು. ಪ್ರತಿ ಸಲ ಬಂದಾಗಲೂ ಹಾರದ ಪಕ್ಕದಲ್ಲಿ ತನ್ನ ಉಂಗುರ ಗುರುತು ಹಿಡಿಯುತ್ತಾಳೆ."

"ಸ್ಟುಡಿಯೋದವನು ಅಳಿಸಿಕೊಡುತ್ತೇನೆ ಎನ್ನಲಿಲ್ಲವೇ?" ಎಂದರು ರಾಯರು ಮೆಲ್ಲಗೆ.

"ಎಂದ. ಚಿಕ್ಕವ್ವ ಬಿಡಲಿಲ್ಲ."

ಸೀನ ನೋಟ್‌ಬುಕ್ ಮುಚ್ಚಿದ. ಮತ್ತೆ ತೆರೆದ. "ಮೇಷ್ಟ್ರೇ, ನಮ್ಮ ಅಮ್ಮನ ಫೋಟೋ ತೆಗೆಯುವುದಕ್ಕೆ ಯಾವುದು ಬೇಕು?"

"ಯಾವುದಾದರೂ ಆದೀತು. ಜೊತೆಗೆ ಬರುವ 18-55ನ್ನೇ 55ಕ್ಕೆ ತಿರುಗಿಸು. ಹೊಸಿಲ ಹತ್ತಿರ, ಬಾಗಿಲ ಬೆಳಕಿಗೆ ಮುಖ ಮಾಡಿ ಕೂರಿಸು. ಫ್ಲ್ಯಾಶ್ ಬೇಡ."

"ಅದಕ್ಕೂ ಕಾಯಬೇಡ" ಎಂದರು ರಾಯರು. "ಕೈಯಲ್ಲಿ ಮೊಬೈಲ್ ಇದೆ. ಈಗಲೇ ಮನೆಗೆ ಹೋಗಿ ಉಟ್ಟ ಸೀರೆಯಲ್ಲೇ ಒಂದು ತೆಗೆ."

ಸೀನ ಟ್ರೈಪಾಡ್ ಹೆಗಲಿಗೇರಿಸಿ ಎದ್ದ. ಎರಡು ಹೆಜ್ಜೆ ಹಾಕಿ, ಮೊಬೈಲನ್ನು ತಿಕ್ಕಿ ತಿಕ್ಕಿ ನೋಡಿ, ಬೆಂಚಿಗೆ ವಾಪಸ್ಸು ಬಂದು ಕೂತ.

"ಇವತ್ತು ಆಗುವುದಿಲ್ಲ ರಾಯರೇ. ಮೊಬೈಲಿನಲ್ಲಿ ಜಾಗವಿಲ್ಲ. ಪೂರ್ತಿ ಕ್ಯಾಮೆರಾ ಆರಿಸುವುದು ಹೇಗೆ ಎಂಬ ವಿಡಿಯೋಗಳೇ ಇವೆ."