ಓದುಗರ ಸ್ಪಂದನ: ನೂರು ಹೆಸರಿನ ಲಿಸ್ಟ್ ಬರೀಲಾ, ಬೇಡ್ವಾ?

ಕಳೆದ ಸಲ ಗುಬ್ಬಿ ತಾಲ್ಲೂಕಿನ ಓದುಗಿಯೊಬ್ಬರ ಸಮಸ್ಯೆ ಹಾಕಿದ್ವಿ. ನೆನಪಿಲ್ಲದವರಿಗೆ ಎರಡು ಮಾತು: ಬಿ.ಕಾಂ ಮುಗಿಸಿ ತುಮಕೂರಲ್ಲಿ 'ಬ್ಯಾಂಕಿಂಗ್ ಅಂಡ್ ಇನ್ಶೂರೆನ್ಸ್' ಅನ್ನೋ ಮೂರು ತಿಂಗಳ ಕೋರ್ಸ್‌ಗೆ 28 ಸಾವಿರ ಕಟ್ಟಿ ಸೇರಿದ್ರು, ಕೆಲಸ ಗ್ಯಾರಂಟಿ ಅಂದಿದ್ರು. ಕೊನೆಗೆ ನೋಡಿದ್ರೆ ಕೆಲಸ ಅಂದ್ರೆ ಕಮಿಷನ್ ಮೇಲೆ ಪಾಲಿಸಿ ಮಾರೋದು, ಸಂಬಳ ಇಲ್ಲ. ಮೊದಲನೇ ಹೋಂವರ್ಕ್, ಗೊತ್ತಿರೋ ನೂರು ಜನರ ಹೆಸರು, ಫೋನ್ ನಂಬರ್, ಅಂದಾಜು ಆದಾಯ ಬರ್ಕೊಂಡು ಬನ್ನಿ ಅಂತ. ಮೊದಲು ನೆನಪಾಗಿದ್ದು ಸೋದರಮಾವನ ಹೆಸರಂತೆ. ಅಪ್ಪ "ನೆಂಟರ ಮುಂದೆ ಹೋಗಿ ನಿಲ್ಲೋದಾದ್ರೆ ಈ ಕೆಲಸಾನೇ ಬೇಡ" ಅಂತಿದಾರೆ. ಏಜೆಂಟ್ ಪರೀಕ್ಷೆಗೆ ಕೂರಲಾ, ಇಲ್ಲೇ ಬಿಡಲಾ ಅಂತ ಕೇಳಿದ್ರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಮುಳಬಾಗಿಲಿಂದ ಒಬ್ಬರು:

ಡಿಗ್ರಿ ಮಾಡಿದೀರಾ, ದುಡ್ಡು ಕಟ್ಟೋ ಮುಂಚೆ ಸಂಬಳ ಎಷ್ಟು ಅಂತ ಕೇಳೋಕೆ ಬಾಯಿ ಇರ್ಲಿಲ್ವಾ? ಈಗ ಊರೋರನ್ನೆಲ್ಲ ಕೇಳ್ತಿದೀರಾ. ನಿಮ್ಮಪ್ಪ ಹೇಳ್ತಿರೋದೇ ಸರಿ.

*ಮಾತು ಒರಟು, ಆದ್ರೂ ಆ ಒಂದು ಪ್ರಶ್ನೆ ಮುಂದೆ ಸೇರೋರಿಗೆ ಉಪಯೋಗಕ್ಕೆ ಬರಬಹುದು ಅಂತ ಹಾಕಿದೀವಿ. ಈ ಕೆಲಸದ ಒಳಗೇ ಇದ್ದು ಬಂದವರು ಏನಂತಾರೆ ನೋಡಿ.*

ತುಮಕೂರಿನ ನಿವೃತ್ತ ಡೆವಲಪ್‌ಮೆಂಟ್ ಆಫೀಸರ್ (ಏಜೆಂಟರನ್ನ ಸೇರಿಸಿ ನೋಡ್ಕೊಳ್ಳೋ ವಿಮಾ ಅಧಿಕಾರಿ):

ಅಮ್ಮಾ, ಮೊದಲು ಫೀಸಿನ ವಿಷಯ ಹೇಳಿಬಿಡ್ತೀನಿ. ಏಜೆಂಟ್ ಆಗೋಕೆ ಸಾವಿರಗಟ್ಟಲೆ ಕಟ್ಟಿ ಕೋರ್ಸ್ ಮಾಡಬೇಕು ಅಂತ ಯಾವ ರೂಲೂ ಇಲ್ಲ. 18 ವರ್ಷ ತುಂಬಿ ಹತ್ತನೇ ಕ್ಲಾಸ್ ಪಾಸಾಗಿದ್ರೆ ಆಯ್ತು, ಟ್ರೈನಿಂಗ್ ಕಂಪನೀನೇ ಕೊಡುತ್ತೆ. ಪರೀಕ್ಷೆಗೆ ಐಸಿ-38 ಅಂತಾರೆ, ಮುಂಬೈನ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ್ದು, ಕಂಪ್ಯೂಟರ್ ಮುಂದೆ ಒಂದು ಗಂಟೆ, 50 ಪ್ರಶ್ನೆ, 35 ಪರ್ಸೆಂಟ್ ಬಂದ್ರೆ ಪಾಸು, ಕನ್ನಡದಲ್ಲೂ ಬರೀಬಹುದು. ಅಂದ್ರೆ 18 ಪ್ರಶ್ನೆಗೆ ಸರಿ ಉತ್ತರ ಹೇಳಿದೋರು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ಜೀವವಿಮೆ ಬಗ್ಗೆ ಸಲಹೆ ಕೊಡಬಹುದು! ಹಿಂದೆ ನೂರು ಗಂಟೆ ಕ್ಲಾಸ್ ಕೂರಬೇಕಿತ್ತು, ಆಮೇಲೆ ಐವತ್ತಕ್ಕೆ ಇಳಿಸಿದ್ರು. ಈಗ ಪಾಯಿಂಟ್ ಆಫ್ ಸೇಲ್ಸ್ ಪರ್ಸನ್ ಅಂತ ಇನ್ನೊಂದಿದೆ, ಸರಳವಾದ ಪಾಲಿಸಿ ಮಾತ್ರ ಮಾರೋರು, ಅದಕ್ಕೆ 15 ಗಂಟೆ ಸಾಕು. ಈ ಗಂಟೆಗಳ ಲೆಕ್ಕದಲ್ಲಿ ಯಾರೂ ಕಸುಬು ಕಲಿಯಲ್ಲ ಬಿಡಿ.

ಆ ನೂರು ಹೆಸರಿನ ಲಿಸ್ಟು ತುಂಬಾ ಹಳೇ ಪಾಠ. ಯಾಕೆ ಬರೆಸ್ತಾರೆ ಗೊತ್ತಾ, ಹೊಸದಾಗಿ ಸೇರಿದೋರಲ್ಲಿ ಬಹಳ ಜನ ಬೇಗ ಬಿಟ್ಟು ಹೋಗ್ತಾರೆ, ಹೋಗೋ ಮುಂಚೆ ಚಿಕ್ಕಪ್ಪಂದು ಅತ್ತೇದು ನಾಲ್ಕು ಪಾಲಿಸಿ ಮಾಡಿಸಿರ್ತಾರೆ, ಏಜೆಂಟ್ ಹೋದ್ರೂ ಪಾಲಿಸಿ ಕಂಪನೀಲೇ ಉಳಿಯುತ್ತೆ. ನಿಮ್ಮ ಸೋದರಮಾವನ ಹೆಸರು ಹೊಡೆದು ಹಾಕಿ. ನಿಮಗೆ ಸಂಬಂಧ ಇಲ್ದಿರೋ, ಆದ್ರೆ ಕೆಲಸ ಏನು ಸಂಸಾರ ಏನು ಅಂತ ನಿಮಗೆ ಗೊತ್ತಿರೋ ಹತ್ತು ಮನೆ ಬರ್ಕೊಳಿ ಸಾಕು.

ಇನ್ನೊಂದು, ಮೊದಲನೇ ಕಂತು ನೀನೇ ಕಟ್ಟು ಅನ್ನೋ ಕಸ್ಟಮರ್ ಸಿಕ್ಕೇ ಸಿಗ್ತಾರೆ, ಕಟ್ಟಿಬಿಡಮ್ಮ ಟಾರ್ಗೆಟ್ ಆಗುತ್ತೆ ಅನ್ನೋ ಮ್ಯಾನೇಜರೂ ಸಿಗ್ತಾರೆ. ಅದು ರಿಬೇಟು, ಅಂದ್ರೆ ಪಾಲಿಸಿ ಮಾಡಿಸೋಕೆ ಗಿರಾಕಿಗೆ ದುಡ್ಡು ಬಿಟ್ಟುಕೊಡೋದು, 1938ರ ವಿಮಾ ಕಾಯ್ದೆ ಸೆಕ್ಷನ್ 41ರ ಪ್ರಕಾರ ತಪ್ಪು, 10 ಲಕ್ಷದವರೆಗೆ ದಂಡ ಇದೆ. ಕ್ಲಾಸಲ್ಲಿ ಇದನ್ನ ಓದಿಸಿದ್ದೇ ಮ್ಯಾನೇಜರು ಮಾರ್ಚ್ ತಿಂಗಳಲ್ಲಿ ಮರೆತಿರ್ತಾರೆ.

ಪರೀಕ್ಷೆ ಬರೀರಿ. ಪಾಸಾದ ಸರ್ಟಿಫಿಕೇಟ್ ಕೈಲಿದ್ರೆ ಯಾವ ಕಂಪನಿ ಅಂತ ಆಮೇಲೆ ನೋಡಬಹುದು. ಜೀವವಿಮೆಯಲ್ಲಿ ಒಂದು, ಜನರಲ್‌ನಲ್ಲಿ ಒಂದು, ಹೆಲ್ತ್‌ನಲ್ಲಿ ಒಂದು ಕಂಪನಿ ಇಟ್ಕೊಳಕ್ಕೆ ಅವಕಾಶ ಇದೆ. ಮನಸ್ಸಿದ್ರೆ ಅದೇ ಇನ್‌ಸ್ಟಿಟ್ಯೂಟಿನ ಲೈಸೆನ್ಷಿಯೇಟು, ಅಸೋಸಿಯೇಟು ಅನ್ನೋ ಮೇಲಿನ ಪರೀಕ್ಷೆಗಳಿಗೆ ಮುಂದಕ್ಕೂ ಓದಬಹುದು.

ತಿಪಟೂರು, ಕೊಬ್ಬರಿ ವ್ಯಾಪಾರಿ:

ಆ ಹುಡುಗಿ ಮಾರೋರ ಕಡೆಯಿಂದ ಕೇಳಿದಾಳೆ, ನಾನು ಕೊಳ್ಳೋರ ಕಡೆಯಿಂದ ಹೇಳ್ತೀನಿ. ನನ್ನ ಹತ್ರ ವರ್ಷಕ್ಕೆ ಎಷ್ಟು ಜನ ಬರ್ತಾರೋ ಲೆಕ್ಕ ಇಲ್ಲ, ಎಲ್ಲರೂ ಬರೋದು ಮಂಡಿ ಹೊತ್ತಲ್ಲೇ, ಹರಾಜು ನಡೀತಿರುತ್ತೆ ಲಾರಿ ನಿಂತಿರುತ್ತೆ, ಇವರು ಟ್ಯಾಬ್ ತೆಗೆದು ಗ್ರಾಫ್ ತೋರಿಸ್ತಾರೆ. 2025ರ ಸೆಪ್ಟೆಂಬರ್ 22ರಿಂದ ನಮ್ಮಂಥ ಒಬ್ಬೊಬ್ಬರ ಲೈಫು ಹೆಲ್ತು ಪಾಲಿಸಿ ಮೇಲಿನ ಜಿಎಸ್‌ಟಿ ತೆಗೆದ್ರಲ್ಲ, ನಾನು ಪೇಪರಲ್ಲಿ ಓದಿ ತಿಳ್ಕೊಂಡೆ, ನಮ್ಮ ಏಜೆಂಟ್ ಒಂದು ಫೋನ್ ಮಾಡ್ಲಿಲ್ಲ. ಅಂಥ ಒಂದು ಫೋನ್ ಮಾಡೋರು ಯಾರಾದ್ರೂ ಇದ್ರೆ ನಮ್ಮ ಓಣಿಯೋರೆಲ್ಲ ಅವರ ಹತ್ರಾನೇ ಮಾಡಿಸ್ತಾರೆ. ಹಬ್ಬಕ್ಕೆ ಕ್ಯಾಲೆಂಡರ್ ಕೊಟ್ರೆ ಸಾಲಲ್ಲ.

*ಮುಂದಿನ ಪತ್ರ ಉದ್ದ ಇದೆ. ಮೊಟಕು ಮಾಡೋಣ ಅಂತ ಕೂತ್ವಿ, ಆಗಲಿಲ್ಲ.*

ಶಿಡ್ಲಘಟ್ಟದಿಂದ ಓದುಗಿ:

ತಂಗಿ, ನಿನ್ನ ಪತ್ರ ಓದಿ ಅವತ್ತು ರಾತ್ರಿ ಅಡುಗೇನೂ ಸರಿಯಾಗಿ ಮಾಡ್ಲಿಲ್ಲ ನಾನು. ನೀನು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇದೆಯೋ ಇಲ್ವೋ, ನಮ್ಮ ಮನೇಲಿ ಆಗಿದ್ದು ಹೇಳ್ತೀನಿ.

ನಮ್ಮಪ್ಪ ರೀಲರು, ರೇಷ್ಮೆಗೂಡಿಂದ ನೂಲು ತೆಗೆಯೋರು. ಬೆಳಿಗ್ಗೆ ಗೂಡಿನ ಮಾರ್ಕೆಟ್ಟು, ಆಮೇಲೆ ದಿನವೆಲ್ಲಾ ಬಿಸಿನೀರಿನ ಬೇಸಿನ್ನು, ಅದರ ವಾಸನೆ ಅವರ ಬಟ್ಟೆಯಿಂದ ಯಾವತ್ತೂ ಹೋಗ್ತಿರ್ಲಿಲ್ಲ. ಶುಗರ್ ಇತ್ತು. ಊರಿಗೆಲ್ಲಾ ಗೊತ್ತಿತ್ತು, ಅಂಗಡೀಲಿ ಟೀ ಕೊಡೋ ಹುಡುಗನಿಗೂ ಗೊತ್ತಿತ್ತು, ಅವನು ಕೇಳದೇನೇ ಸಪ್ಪೆ ಟೀ ತರೋನು. ನಮ್ಮ ಬೀದಿ ಹುಡುಗನೊಬ್ಬ ನಿನ್ನ ಥರಾನೇ ಟ್ರೈನಿಂಗ್ ಮುಗಿಸಿ ಲಿಸ್ಟ್ ಬರೆದಿದ್ದ, ಲಿಸ್ಟಲ್ಲಿ ನಮ್ಮಪ್ಪನ ಹೆಸರಿತ್ತು. ಮಾರ್ಚ್ ಕೊನೆ, ಟಾರ್ಗೆಟ್ ಅಂದ, ಅಪ್ಪ ಕಣ್ಣೆದುರು ಬೆಳೆದ ಹುಡುಗ ಅಂತ ಹೂಂ ಅಂದ್ರು, ಐದು ಲಕ್ಷದ ಪಾಲಿಸಿ. ಅವನು ಎಲ್ಲೆಲ್ಲಿ ಇಂಟು ಹಾಕಿದ್ನೋ ಅಲ್ಲೆಲ್ಲ ಅಪ್ಪ ಸೈನ್ ಮಾಡಿದ್ರು, ಮಿಕ್ಕಿದ್ದು ನಾನು ತುಂಬ್ಕೋತೀನಿ ಅಂಕಲ್ ಅಂದ.

ಮೂರು ವರ್ಷ ತುಂಬೋ ಮುಂಚೆ ಅಪ್ಪ ಹೋದ್ರು. ಹಾರ್ಟು. 53 ವರ್ಷ.

ಕ್ಲೇಮ್ ಹಾಕಿದ್ವಿ, ರಿಜೆಕ್ಟ್ ಆಯ್ತು. ಲೆಟರ್ ಜೊತೆ ಪ್ರಪೋಸಲ್ ಫಾರಂ, ಅಂದ್ರೆ ಪಾಲಿಸಿಗೆ ಹಾಕಿದ್ದ ಅರ್ಜಿ, ಅದರ ಜೆರಾಕ್ಸ್ ಇಟ್ಟಿದ್ರು, ಅವತ್ತೇ ನಾವು ಅದನ್ನ ಮೊದಲು ನೋಡಿದ್ದು. ಕಾಯಿಲೆಗಳ ಪಟ್ಟಿ ಪೂರ್ತಿ ಇಂಗ್ಲಿಷಲ್ಲಿ, ಶುಗರ್, ಬಿಪಿ, ಹಾರ್ಟು, ಕಿಡ್ನಿ, ಎಲ್ಲದರ ಮುಂದೆ 'ನೋ' ಕಾಲಂನಲ್ಲಿ ಟಿಕ್ಕು. ಒಂದೊಂದಾಗಿ ಕೇಳಿ ಹಾಕಿದ ಟಿಕ್ ಅಲ್ಲ ಅವು, ಮೇಲಿಂದ ಕೆಳಗೆ ಒಂದೇ ಉಸಿರಲ್ಲಿ ಹಾಕ್ಕೊಂಡು ಬಂದಿದ್ದು, ಕೊನೆಕೊನೆಯವು ಬರೀ ಗೀಟಾಗಿದ್ವು. ಕೆಳಗೆ ಅಪ್ಪನ ಸೈನ್, ಕನ್ನಡದಲ್ಲಿ ಪೂರ್ತಿ ಹೆಸರು, ಅವರು ಇನಿಷಿಯಲ್‌ನ ಕೂಡ ಬಿಡಿಸಿ ಬರೆಯೋರು. ಅದರ ಕೆಳಗೆ ಇನ್ನೊಂದು ಹೇಳಿಕೆ, ಇದರಲ್ಲಿರೋದನ್ನೆಲ್ಲ ಇವರಿಗೆ ಕನ್ನಡದಲ್ಲಿ ವಿವರಿಸಿ ಹೇಳಿದೀನಿ, ಅರ್ಥ ಆಗಿದೆ ಅಂತ. ಅದಕ್ಕೆ ಆ ಹುಡುಗನ ಸೈನು. ಅದನ್ನ ನೋಡಿ ನಮ್ಮಮ್ಮ ಅಳಲಿಲ್ಲ, "ಯಾವಾಗ ಹೇಳಿದ್ನಂತೆ?" ಅಂತ ಒಂದೇ ಕೇಳಿದ್ರು.

ಅಷ್ಟೊತ್ತಿಗೆ ಅವನು ಆ ಕಂಪನಿ ಬಿಟ್ಟು ಬೆಂಗಳೂರಲ್ಲಿ ಬೇರೆ ಯಾವುದೋ ಕೆಲಸಕ್ಕೆ ಸೇರಿದ್ದ. ಏಜೆಂಟ್ ಬಿಟ್ಟು ಹೋದ ಪಾಲಿಸಿಗೆ ಆರ್ಫನ್ ಪಾಲಿಸಿ, ಅನಾಥ ಪಾಲಿಸಿ ಅಂತಾರಂತೆ. ಬ್ರಾಂಚಲ್ಲಿ ಹಂಗಂದಾಗ ನನಗೆ ಮೈ ಉರೀತು, ಅಪ್ಪ ಇಲ್ದಿರೋರು ನಾವು, ಆರ್ಫನ್ ಪಾಲಿಸಿ ಅಂತೆ.

ಜೆಪಿ ನಗರದಲ್ಲಿ ವಿಮಾ ಲೋಕಪಾಲ್ ಆಫೀಸಿದೆ, ಕಂಪನಿ ಮೇಲಿನ ದೂರು ಕೇಳೋ ಕಡೆ, ಫೀಸಿಲ್ಲ, ಲಾಯರೂ ಬೇಡ. ಹೋದ್ವಿ. ವಿಮಾ ಕಾಯ್ದೆಯ ಸೆಕ್ಷನ್ 45 ಏನಂದ್ರೆ, ಮೂರು ವರ್ಷ ಆದ್ಮೇಲೆ ಕಂಪನಿ ಪಾಲಿಸೀನ ಪ್ರಶ್ನೆ ಮಾಡೋ ಹಾಗಿಲ್ಲ, ಅದರೊಳಗೆ ಆದ್ರೆ ಮುಚ್ಚಿಟ್ಟಿದ್ದು ತೋರಿಸಿ ತಿರಸ್ಕರಿಸಬಹುದು, ಮೋಸ ಅಂತ ಸಾಬೀತಾಗದಿದ್ರೆ ಕಟ್ಟಿದ ಪ್ರೀಮಿಯಂ ವಾಪಸ್ ಕೊಡಬೇಕು. ನಮಗೆ ಬಂದಿದ್ದು ಅಷ್ಟೇ, ಪ್ರೀಮಿಯಂ. ಶುಗರ್ ಇದೆ ಅಂತ ನಿಜ ಬರೆದಿದ್ರೆ ಏನಾಗ್ತಿತ್ತು ಹೇಳು, ಒಂದಿಷ್ಟು ಟೆಸ್ಟು, ಸ್ವಲ್ಪ ಪ್ರೀಮಿಯಂ ಜಾಸ್ತಿ, ಇಲ್ಲಾ ಕೊಡಲ್ಲ ಅಂತಿದ್ರು. ಕೊಡಲ್ಲ ಅಂದಿದ್ರೂ ನಾವು ಆ ದುಡ್ಡು ನಂಬ್ಕೊಂಡು ಕೂರ್ತಿರ್ಲಿಲ್ಲ. ಅಪ್ಪ ಇದ್ದಾಗ "ನಾನು ಹೋದ್ರೂ ಐದು ಲಕ್ಷ ಇದೆ" ಅನ್ನೋರು, ನಮ್ಮ ತಮ್ಮನ ಓದಿಗೆ ಅಂತ.

ದುಡ್ಡು ಬಂದಿದ್ದು ಎಲ್ಲಿಂದ ಗೊತ್ತಾ? 2015ರಲ್ಲಿ ಜೀವನ್ ಜ್ಯೋತಿ ಅಂತ ಸರ್ಕಾರದ ವಿಮೆ ಶುರುವಾಯ್ತಲ್ಲ, ಆವಾಗಲೇ ಬ್ಯಾಂಕಲ್ಲಿ ಸೇರಿಸಿದ್ರು, ವರ್ಷಕ್ಕೆ 330 ಇದ್ದಿದ್ದು ಆಮೇಲೆ 436 ಆಯ್ತು, ಖಾತೆಯಿಂದ ಅದಾಗದೇ ಕಟ್ ಆಗ್ತಿತ್ತು, ಅಪ್ಪನಿಗೂ ಮರೆತೇ ಹೋಗಿತ್ತು. ಪಾಸ್‌ಬುಕ್ ತಿರುವಿ ಹಾಕುವಾಗ ನನ್ನ ಕಣ್ಣಿಗೆ ಬಿತ್ತು. ಅದರಿಂದ 2 ಲಕ್ಷ ಬಂತು. ಅದನ್ನ ಮಾರೋಕೆ ಯಾರೂ ನಮ್ಮನೆಗೆ ಬಂದಿರ್ಲಿಲ್ಲ.

ಬಿಟ್ಬಿಡು ಅಂತ ನಾನು ಹೇಳಲ್ಲ ತಂಗಿ. ಕ್ಲಾಸಲ್ಲಿ ಇದನ್ನ ಕೇಳು: ಪ್ರಪೋಸಲ್ ಫಾರಂ ತುಂಬೋದು ಎಷ್ಟು ಹೊತ್ತು ಹೇಳಿಕೊಟ್ರು, ಕ್ಲೇಮ್ ಫಾರಂ ಒಂದು ಸಲಾನಾದ್ರೂ ಕೈಗೆ ಕೊಟ್ರಾ. ಗಿರಾಕಿ ಬೇಡ ಅಂದ್ರೆ ಏನು ಉತ್ತರ ಕೊಡಬೇಕು ಅಂತಾನೇ ಮೂರು ತಿಂಗಳು ಹೇಳಿಕೊಟ್ಟಿದ್ರೆ, ಆ ನಮ್ಮ ಬೀದಿ ಹುಡುಗನೂ ಕಲಿತಿದ್ದು ಅದನ್ನೇ. ಅವನು ಕೆಟ್ಟೋನಲ್ಲ. ಈಗಲೂ ಊರಿಗೆ ಬಂದಾಗ ನಮ್ಮ ಬೀದೀಲಿ ಬರದೆ ಸುತ್ತಾಕ್ಕೊಂಡು ಹೋಗ್ತಾನೆ.

*ಈ ಪತ್ರದಲ್ಲಿರೋ ಎರಡು ಪ್ರಶ್ನೇನ ಗುಬ್ಬಿಯ ಓದುಗಿ ತಮ್ಮ ಟ್ರೈನರ್‌ಗೆ ಕೇಳ್ತಾರೆ ಅನ್ಕೋತೀವಿ. ಇನ್ನು ಬೇರೆ ದಾರಿ ಹೇಳಿದವರು.*

ಮಧುಗಿರಿ, ಬಿಮಾ ಸಖಿ:

ಅಕ್ಕ ಸಂಬಳ ಇಲ್ಲ ಅಂತ ಬೇಜಾರಾಗಿದ್ರೆ ಎಲ್‌ಐಸಿಯ ಬಿಮಾ ಸಖಿ ನೋಡಿ, 2024ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು, ಹೆಂಗಸರಿಗೆ ಮಾತ್ರ, 10ನೇ ಕ್ಲಾಸ್ ಸಾಕು. ಮೊದಲನೇ ವರ್ಷ ತಿಂಗಳಿಗೆ 7 ಸಾವಿರ, ಎರಡನೇ ವರ್ಷ 6, ಮೂರನೇದು 5, ಕಮಿಷನ್ ಬೇರೆ. ಆದ್ರೆ ಇದು ನೌಕರಿ ಅಲ್ಲ, ಸ್ಟೈಪೆಂಡ್ ಅಷ್ಟೇ, ವರ್ಷಕ್ಕೆ 24 ಪಾಲಿಸಿ ಆಗ್ಲೇಬೇಕು, ಮೊದಲ ವರ್ಷ ಮಾಡಿಸಿದ್ರಲ್ಲಿ 65 ಪರ್ಸೆಂಟ್ ಪಾಲಿಸಿ ನಡೀತಿದ್ರೇನೇ ಎರಡನೇ ವರ್ಷದ್ದು ಬರೋದು. ಅದಕ್ಕೇ ಕಟ್ಟೋಕಾಗದೋರಿಗೆ ನಾನು ಮಾಡಿಸೋದೇ ಇಲ್ಲ. ನಮ್ಮ ಸಂಘದ ಹೆಂಗಸರ ಹತ್ರ ವಾರಕ್ಕೆಷ್ಟು ಉಳಿಯುತ್ತೆ ಅಂತ ನನಗೆ ಗೊತ್ತಲ್ಲ. ನಿಮ್ಮ ಮನೇಲಿ ಯಾರಾದ್ರೂ ಆಗ್ಲೇ ಏಜೆಂಟ್ ಇದ್ರೆ, ಎಲ್‌ಐಸಿ ನೌಕರರಿದ್ರೆ ಸೇರಿಸ್ಕೊಳಲ್ಲ, ಮೊದಲೇ ವಿಚಾರಿಸಿ.

ಕೆಜಿಎಫ್:

ಬ್ರೋ/ಸಿಸ್ಟರ್, ಇನ್ಶೂರೆನ್ಸ್ ಒಂದೇ ಅಲ್ಲ ಫೈನಾನ್ಸ್ ಲೈನು. ನಮ್ಮೂರಲ್ಲಿ 2001ರಲ್ಲಿ ಮೈನ್ಸ್ ಮುಚ್ಚಿದ್ಮೇಲೆ ಎಲ್ರೂ ಬೆಳಿಗ್ಗೆ ಮಾರಿಕುಪ್ಪಂ ಟ್ರೈನ್ ಹತ್ತಿ ಬೆಂಗಳೂರಿಗೇ ಹೋಗೋದು, ನಾನು ಆ ಟ್ರೈನಲ್ಲಿ ನಿಂತ್ಕೊಂಡೇ ಎನ್‌ಐಎಸ್‌ಎಂ ಸೀರೀಸ್ 5-ಎ ಅನ್ನೋ ಪರೀಕ್ಷೆಗೆ ಓದಿ ಪಾಸಾದೆ. ಮ್ಯೂಚುವಲ್ ಫಂಡ್ ಡಿಸ್ಟ್ರಿಬ್ಯೂಟರ್, ಅಂದ್ರೆ ಫಂಡ್ ಮಾರೋರು, ಆಗೋಕೆ ಅದು ಬೇಕು, 100 ಪ್ರಶ್ನೆ, ಎರಡು ಗಂಟೆ, 50 ಬಂದ್ರೆ ಪಾಸು, ಸರ್ಟಿಫಿಕೇಟ್ ಮೂರು ವರ್ಷಕ್ಕೆ. ಆಮೇಲೆ ಮ್ಯೂಚುವಲ್ ಫಂಡ್ ಕಂಪನಿಗಳ ಸಂಘ ಆಂಫಿಯಿಂದ ಎಆರ್‌ಎನ್ ಅನ್ನೋ ನೋಂದಣಿ ನಂಬರ್ ತಗೊಳ್ಳಬೇಕು. ಬಿ.ಕಾಂ ಓದಿದೋರಿಗೆ ಕಷ್ಟ ಏನಿಲ್ಲ. ಕಮಿಷನ್ ಶುರೂಲಿ ತೀರಾ ಕಮ್ಮಿ ಅದು ಮಾತ್ರ ನಿಜ, ಗಿರಾಕಿ ದುಡ್ಡು ನಿಂತಷ್ಟು ದಿನ ಸ್ವಲ್ಪ ಸ್ವಲ್ಪ ಬರ್ತಿರುತ್ತೆ. ಮನೇಲಿ ಇನ್ನೊಂದು ಸಂಬಳ ಇದ್ರೆ ಮಾತ್ರ ಇಳೀರಿ.

ಚಿಕ್ಕನಾಯಕನಹಳ್ಳಿ, ಗೃಹಿಣಿ:

ಎಲ್ಲರೂ ಮಗೂಗೇ ಬುದ್ಧಿ ಹೇಳ್ತೀರಾ. ಅಪ್ಪನಿಗೆ ಒಂದು ಮಾತು. ನೆಂಟರ ಮುಂದೆ ನಿಲ್ಲೋದು ಅವಮಾನ ಅಂತೀರಲ್ಲ ಸ್ವಾಮಿ, ನಾಳೆ ಅವಳ ಮದುವೆಗೆ ಅದೇ ಸೋದರಮಾವನ ಹತ್ರ ಸಾಲಕ್ಕೆ ಹೋಗಿ ನಿಲ್ಲಲ್ವಾ ನೀವು?

ಗೌರಿಬಿದನೂರು:

ಪಾಲಿಸಿ ಇಷ್ಟ ಆಗ್ಲಿಲ್ಲ ಅಂದ್ರೆ ಪಾಲಿಸಿ ಬಾಂಡ್ (ಪತ್ರ) ಕೈಗೆ ಸಿಕ್ಕಿದ 30 ದಿನದೊಳಗೆ ವಾಪಸ್ ಕೊಡಬಹುದು. ಮಾರೋ ದಿನಾನೇ ಇದನ್ನ ಗಿರಾಕಿಗೆ ಹೇಳೋ ಧೈರ್ಯ ಇದ್ರೆ ಈ ಕೆಲಸ ಮಾಡಮ್ಮ.

*ಕೋರ್ಸ್ ನಡೆಸಿದ ಸಂಸ್ಥೆ ಹೆಸರು ಹಾಕಿ ಅಂತ ಹಲವರು ಬರೆದಿದೀರಾ, ಅದನ್ನ ನಾವು ಹಾಕಲ್ಲ. ಆದ್ರೆ 'ಕೆಲಸ ಗ್ಯಾರಂಟಿ' ಅಂತ ಅಚ್ಚಾಗಿರೋ ಪಾಂಪ್ಲೆಟ್ಟೂ ಫೀಸ್ ರಸೀದಿಯೂ ಓದುಗಿಯ ಹತ್ರ ಇವೆಯಂತೆ, ಎರಡನ್ನೂ ಜೋಪಾನವಾಗಿ ಇಟ್ಕೊಳ್ಳಲಿ. ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಆಯೋಗದ ಶುಲ್ಕ ಇಲ್ಲ. ಪರೀಕ್ಷೆ ಬರೆಯೋಕೂ ಇದಕ್ಕೂ ಸಂಬಂಧ ಇಲ್ಲ, ಎರಡೂ ಒಟ್ಟಿಗೆ ನಡೀಬಹುದು.*

*ಮುಂದಿನ ಸಲದ ಸಮಸ್ಯೆ ಮಾಲೂರಿಂದ: ಅತ್ತಿಗೆ ತಮ್ಮ ಸಂಘದ ಸಾಲಕ್ಕೆ ಜಾಮೀನು ಹಾಕು ಅಂತಿದಾರೆ, ಗಂಡ ಬೇಡ ಅಂತಾರೆ, ಅತ್ತೆ ಮಾತು ಬಿಟ್ಟಿದಾರೆ. ಈ ಸಲ ದಯವಿಟ್ಟು ಎರಡು ಪುಟದೊಳಗೆ ಬರೀರಿ.*