ಸಹಾಯ ಬೇಕು: ಚಳಿಗಾಲದಲ್ಲಿ ಎಡೆಲ್‌ವೈಸ್ ಗಿಡದ ಬುಡ ಕೊಳೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ಆಲ್ಪ್ಸ್ ಪರ್ವತದಲ್ಲಿ ಸುಮಾರು 1,800ರಿಂದ 3,000 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆಗಳ ನಡುವೆ ಹಿಮವನ್ನೂ ತಾಳಿಕೊಂಡು ಬೆಳೆಯುವ ಬಹುವಾರ್ಷಿಕ ಗಿಡವಾದ ಎಡೆಲ್‌ವೈಸ್, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನಮ್ಮ ಬಾಲ್ಕನಿಯ ಕುಂಡದಲ್ಲಿ ಮಾತ್ರ ಚಳಿಗಾಲ ಮುಗಿಯುವ ಹೊತ್ತಿಗೆ ಬುಡ ಕಪ್ಪಾಗಿ ಕೊಳೆಯುತ್ತದೆ. ಇದಕ್ಕೆ ಚಳಿಗಿಂತ ಬೇರಿನ ಬಳಿ ನಿಲ್ಲುವ ತೇವವೇ ಮಾರಕವೆಂದು ತಿಳಿದು, ಮಣ್ಣಿಗೆ ಒರಟು ಮರಳನ್ನೂ ಸುಣ್ಣಕಲ್ಲಿನ ಚೂರನ್ನೂ ಬೆರೆಸಿ, ಗೊಬ್ಬರ ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಇದರಿಂದ ಹೂವಿನ ಸುತ್ತಲಿನ ಎಲೆಗಳ ಹಸಿರು ಛಾಯೆ ಕಡಿಮೆಯಾಗಿ ಬಿಳಿಯ ನವಿರು ದಟ್ಟವಾಯಿತು (ಅಷ್ಟರಮಟ್ಟಿಗೆ ಸಮಾಧಾನ), ಆದರೆ ಕೊಳೆಯುವುದು ನಿಲ್ಲಲಿಲ್ಲ. ಬೆಟ್ಟದ ಮೇಲೆ ಹಿಮವೇ ಹೊದಿಕೆಯಾಗಿರುತ್ತದೆ. ಇಲ್ಲಿ ಅದು ಕರಗಿ, ಮಳೆಯೊಂದಿಗೆ ಬುಡಕ್ಕೆ ಇಳಿಯುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕುಂಡವನ್ನು ಸೂರಿನಡಿ ಇಟ್ಟು ನೀರನ್ನು ಸಂಪೂರ್ಣ ನಿಲ್ಲಿಸಬೇಕೆ, ಅಥವಾ ಬಯಲಿನಲ್ಲೇ ಬಿಟ್ಟು, ಗಾಳಿಯಾಡುವಂತೆ ಮೇಲೆ ಗಾಜಿನ ಹಲಗೆಯನ್ನಷ್ಟೇ ಮುಚ್ಚಬೇಕೆ? ಕುಂಡದಲ್ಲಿ ಬೆಳೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.